ಬಳಸದ ಕಾರ್ಡಿನ ಬಾಕಿ, ಸಿಬಿಲ್ ವರದಿಯಲ್ಲಿ ‘ರೈಟ್ ಆಫ್’: ಕಟ್ಟಿ ಮುಗಿಸಲೇ, ತಕರಾರು ಸಲ್ಲಿಸಲೇ?

ದಾವಣಗೆರೆ ಮೇಷ್ಟ್ರು
2 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ತಿಂಗಳು ಮನೆ ಕಟ್ಟಿಸಲು 28 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಹಾಕಿದ್ದೆ. ಸಂಬಳದ ಚೀಟಿ, ನಿವೇಶನದ ಖಾತೆ, ನಕ್ಷೆಯ ಮಂಜೂರಾತಿ ಎಲ್ಲವೂ ಸರಿಯಿದ್ದರೂ ‘ನಿಮ್ಮ ಸಿಬಿಲ್ (ಸಾಲದ ಚರಿತ್ರೆಯ ವರದಿ) ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಅರ್ಜಿ ಹಿಂದಕ್ಕೆ ಬಂತು.

ವರದಿ ತೆಗೆಸಿ ನೋಡಿದಾಗ ಮೂಲ ತಿಳಿಯಿತು. 2022ರ ನವೆಂಬರಿನಲ್ಲಿ ಬೇರೊಂದು ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದಾಗ, ನಾನು ಕೇಳದಿದ್ದರೂ ಒಂದು ಕ್ರೆಡಿಟ್ ಕಾರ್ಡ್ ಅಂಚೆಯಲ್ಲಿ ಬಂದಿತ್ತು. ಅದಕ್ಕೆ ಪಿನ್ ಮಾಡಿಕೊಳ್ಳಲಿಲ್ಲ, ಒಂದು ರೂಪಾಯಿಯ ವಸ್ತುವನ್ನೂ ಕೊಳ್ಳಲಿಲ್ಲ. ಲಕೋಟೆಯ ಸಮೇತ ಬೀರುವಿನಲ್ಲಿ ಇಟ್ಟು ಮರೆತುಬಿಟ್ಟೆ. ಆ ಕಾರ್ಡಿಗೆ 499 ರೂಪಾಯಿ ವಾರ್ಷಿಕ ಶುಲ್ಕ ಹಾಕಿ, ಅದರ ಮೇಲೆ ಜಿಎಸ್‌ಟಿ, ತಡ ಪಾವತಿ ಶುಲ್ಕ, ಬಡ್ಡಿ, ಆ ಬಡ್ಡಿಗೂ ಜಿಎಸ್‌ಟಿ ಸೇರಿಸುತ್ತ ಹೋಗಿ ಈಗ ಬಾಕಿ 11,340 ರೂಪಾಯಿ ಎಂದು ತೋರಿಸಿ, ಖಾತೆಯ ಮುಂದೆ ‘ರೈಟ್ ಆಫ್’ (ವಸೂಲಾಗದೆಂದು ಬ್ಯಾಂಕು ತನ್ನ ಲೆಕ್ಕದಿಂದ ಕೈಬಿಟ್ಟ ಸಾಲ) ಎಂದು ಬರೆದಿದ್ದಾರೆ. ಚಕ್ರಬಡ್ಡಿಯ ಲೆಕ್ಕವನ್ನು ಮಕ್ಕಳಿಗೆ ಕಲಿಸುವವನಿಗೇ ಇದು ಪಾಠವಾಯಿತು.

ಜೂನ್ ತಿಂಗಳಿನಿಂದ ಒಬ್ಬ ರಿಕವರಿ ಏಜೆಂಟ್ ಬೇರೆ ಬೇರೆ ನಂಬರುಗಳಿಂದ ದಿನಕ್ಕೆ ಐದಾರು ಸಲ ಕರೆ ಮಾಡುತ್ತಿದ್ದಾನೆ. ಒಮ್ಮೆ ರಾತ್ರಿ ಒಂಬತ್ತೂವರೆಗೆ ಕರೆ ಬಂತು. ಮೊನ್ನೆ ನಮ್ಮ ಮುಖ್ಯೋಪಾಧ್ಯಾಯರಿಗೇ ಫೋನ್ ಮಾಡಿ ‘ನಿಮ್ಮ ಮೇಷ್ಟ್ರು ಸಾಲಗಳ್ಳ’ ಎಂದಿದ್ದಾನೆ. ನಾಲ್ಕು ಸಾವಿರ ರೂಪಾಯಿಯನ್ನು ಅವನು ಹೇಳುವ ಮೊಬೈಲ್ ನಂಬರಿಗೆ ಯುಪಿಐ ಮಾಡಿದರೆ ಇವತ್ತೇ ಎಲ್ಲ ಮುಗಿಸುತ್ತಾನಂತೆ. ನಮ್ಮ ಭಾವನವರು, ಅಷ್ಟು ಕೊಟ್ಟು ಕೈತೊಳೆದುಕೊಳ್ಳಿ, ಮನೆಯ ಕೆಲಸ ಯಾಕೆ ನಿಲ್ಲಿಸುತ್ತೀರಿ ಎನ್ನುತ್ತಾರೆ. ತಿಳಿದವರು ದಾರಿ ಹೇಳಬೇಕೆಂದು ಕೋರುತ್ತೇನೆ.

ರಾಜಾಜಿನಗರ ರೈಡರ್
2 ಆಗಸ್ಟ್ 2025

ಮೇಷ್ಟ್ರೇ, ನಿಮ್ಮ ಭಾವನವರ ಮಾತು ವ್ಯವಹಾರದ ದೃಷ್ಟಿಯಿಂದ ತಪ್ಪಲ್ಲ ಎನಿಸುತ್ತದೆ. ಸಿಮೆಂಟು, ಕಬ್ಬಿಣದ ಬೆಲೆ ಆರು ತಿಂಗಳಲ್ಲಿ ಏರುವ ಮೊತ್ತದ ಮುಂದೆ ನಾಲ್ಕು ಸಾವಿರ ಏನೂ ಅಲ್ಲ. ಹಟ ಬೇಡ ಎನ್ನುವವರೇ ನಿಮಗೆ ಹೆಚ್ಚು ಸಿಗುತ್ತಾರೆ, ನಾನೂ ಅವರಲ್ಲೊಬ್ಬ.

ನಿವೃತ್ತ ಶಾಖಾಧಿಕಾರಿ, ಕುಂದಾಪುರ
3 ಆಗಸ್ಟ್ 2025

ಮೇಷ್ಟ್ರೇ, ದಯವಿಟ್ಟು ಆ ನಾಲ್ಕು ಸಾವಿರವನ್ನು ಕಳುಹಿಸಬೇಡಿ. ಮೊತ್ತ ಸಣ್ಣದೆಂದು ಕಟ್ಟಿಬಿಟ್ಟವರು ಆಮೇಲೆ ಪಟ್ಟ ಪಾಡನ್ನು ಕೌಂಟರಿನ ಒಳಗೆ ಕುಳಿತು ಮೂವತ್ತು ವರ್ಷ ನೋಡಿದ್ದೇನೆ.

ಬಾಕಿಗಿಂತ ಕಡಿಮೆ ಹಣಕ್ಕೆ ರಾಜಿಯಾದರೆ ವರದಿಯಲ್ಲಿ ‘ರೈಟ್ ಆಫ್’ ಹೋಗಿ ‘ಸೆಟಲ್ಡ್’ ಎಂದು ಬರುತ್ತದೆಯೇ ಹೊರತು ‘ಕ್ಲೋಸ್ಡ್’ ಎಂದು ಬರುವುದಿಲ್ಲ. ಮನೆ ಸಾಲ ಕೊಡುವ ಅಧಿಕಾರಿಯ ಕಣ್ಣಿಗೆ ‘ಸೆಟಲ್ಡ್’ ಎಂದರೆ ‘ಈತ ಹಿಂದೆ ಒಬ್ಬರಿಗೆ ಪೂರ್ತಿ ಕೊಡಲಿಲ್ಲ’ ಎಂದೇ ಅರ್ಥ. ಹಣವೂ ಹೋಗಿ ಕಲೆಯೂ ಉಳಿಯುವ ದಾರಿ ಅದು. ಅದಕ್ಕಿಂತ ಮುಖ್ಯವಾಗಿ, ನೀವು ಮಾಡದ ಸಾಲವನ್ನು ಮಾಡಿದ್ದೇನೆಂದು ನಿಮ್ಮ ಕೈಯಾರೆ ಒಪ್ಪಿಕೊಂಡಂತಾಗುತ್ತದೆ.

ಇನ್ನು ನಿಯಮದ ಮಾತು. ರಿಸರ್ವ್ ಬ್ಯಾಂಕು 2022ರ ಏಪ್ರಿಲಿನಲ್ಲಿ ಹೊರಡಿಸಿ ಅದೇ ವರ್ಷದ ಜುಲೈ ಮತ್ತು ಅಕ್ಟೋಬರಿನಲ್ಲಿ ಹಂತಹಂತವಾಗಿ ಜಾರಿಗೆ ತಂದ ಕಾರ್ಡ್ ನಿರ್ದೇಶನಗಳ ಪ್ರಕಾರ, ಗ್ರಾಹಕ ಸ್ಪಷ್ಟ ಒಪ್ಪಿಗೆ ಕೊಡದೆ ಕಾರ್ಡ್ ಕಳುಹಿಸುವಂತಿಲ್ಲ. ಕಳುಹಿಸಿದ ಮೂವತ್ತು ದಿನ ಕಳೆದರೂ ಆತ ಅದನ್ನು ಆ್ಯಕ್ಟಿವೇಟ್ ಮಾಡಿಕೊಳ್ಳದಿದ್ದರೆ, ಬ್ಯಾಂಕು ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ ಏಳು ಕೆಲಸದ ದಿನಗಳೊಳಗೆ ಯಾವ ಶುಲ್ಕವೂ ಇಲ್ಲದೆ ಖಾತೆಯನ್ನು ಮುಚ್ಚಬೇಕು. ಆ್ಯಕ್ಟಿವೇಟ್ ಆಗುವ ಮೊದಲು ಹೊಸ ಕಾರ್ಡಿನ ಯಾವ ಮಾಹಿತಿಯನ್ನೂ ಸಿಬಿಲ್‌ನಂಥ ಸಾಲ ಮಾಹಿತಿ ಕಂಪನಿಗಳಿಗೆ ಕೊಡಕೂಡದೆಂದೂ ಅಲ್ಲಿ ಬರೆದಿದೆ. ನಿಮ್ಮ ಕಾರ್ಡು ಬಂದದ್ದು ನವೆಂಬರಿನಲ್ಲಿ, ಅಂದರೆ ನಿಯಮ ಜಾರಿಯಾದ ಮೇಲೆ. ಹಾಗಾಗಿ ಕಾರ್ಡು ಯಾವ ದಿನ, ಯಾವ ಒಟಿಪಿಯಿಂದ ಆ್ಯಕ್ಟಿವೇಟ್ ಆಯಿತೆಂಬ ದಾಖಲೆಯನ್ನು ತೋರಿಸಬೇಕಾದವರು ಅವರು. ಆಗಿಲ್ಲವೆಂದು ನೀವು ಸಾಬೀತು ಮಾಡುತ್ತ ಕೂರಬೇಕಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲಿನಲ್ಲಿಯೂ ಸ್ಪೀಡ್ ಪೋಸ್ಟಿನಲ್ಲಿಯೂ ಒಂದೇ ಪತ್ರ ಬರೆದು, ಅದೇ ದಿನ ಸಾಲ ಮಾಹಿತಿ ಕಂಪನಿಯ ಜಾಲತಾಣದಲ್ಲಿಯೂ ತಕರಾರು ದಾಖಲಿಸಿ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ 21ನೇ ಕಲಂ ನಿಮಗೆ ವರದಿಯ ಪ್ರತಿ ಪಡೆಯುವ ಹಕ್ಕನ್ನೂ, ಅದರಲ್ಲಿನ ತಪ್ಪನ್ನು ಮೂವತ್ತು ದಿನಗಳಲ್ಲಿ ತಿದ್ದಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಆದರೆ ಹದಿನೆಂಟು ವರ್ಷ ಆ ಮೂವತ್ತು ದಿನಗಳು ಮೀರಿದರೆ ಕೇಳುವವರಿರಲಿಲ್ಲ. 2023ರ ಅಕ್ಟೋಬರ್ 26ರಂದು ಹೊರಟು 2024ರ ಏಪ್ರಿಲ್ 26ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ಸುತ್ತೋಲೆ ಅದಕ್ಕೆ ಹಲ್ಲು ಕೊಟ್ಟಿತು: ದೂರು ಕೊಟ್ಟ ಮೂವತ್ತು ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ ನೂರು ರೂಪಾಯಿ ಪರಿಹಾರ ನಿಮ್ಮ ಖಾತೆಗೆ ಬರಬೇಕು. ಆ ಮೂವತ್ತರಲ್ಲಿ ಬ್ಯಾಂಕಿಗೆ ಸಿಗುವುದು ಇಪ್ಪತ್ತೊಂದು ದಿನ. ಅಷ್ಟರಲ್ಲಿ ಅದು ಸರಿಯಾದ ಮಾಹಿತಿ ಕಳುಹಿಸದಿದ್ದರೆ ದಂಡ ಅದರದು, ಕಳುಹಿಸಿದ ಮೇಲೂ ತಿದ್ದದೆ ಕೂತರೆ ದಂಡ ಮಾಹಿತಿ ಕಂಪನಿಯದು. ನಿಮ್ಮ ಕೋರಿಕೆಯನ್ನು ತಳ್ಳಿಹಾಕುವುದಾದರೆ ಕಾರಣವನ್ನು ತಿಳಿಸಲೇಬೇಕು.

ಒಂದು ಎಚ್ಚರಿಕೆ. ಜನ ಎಲ್ಲಕ್ಕೂ ‘ಸಿಬಿಲ್’ ಎನ್ನುತ್ತಾರೆ, ಆದರೆ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಸಿ ನೋಡಿ. ಒಂದರಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಹಾಗೆಯೇ ಉಳಿದಿರುವುದುಂಟು.

ಹಾವೇರಿ ವಕೀಲೆ
3 ಆಗಸ್ಟ್ 2025

ಶಾಖಾಧಿಕಾರಿಗಳು ವರದಿಯ ಬಗ್ಗೆ ಹೇಳಿದ್ದಾರೆ. ನಾನು ಏಜೆಂಟನ ಬಗ್ಗೆ ಬರೆಯುತ್ತೇನೆ.

ರಿಸರ್ವ್ ಬ್ಯಾಂಕು 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ವಸೂಲಿಗಾಗಿ ಕರೆ ಮಾಡಕೂಡದೆಂದು ಹೇಳಿದೆ. ಸಾಲಗಾರನ ಮನೆಯವರು, ಸ್ನೇಹಿತರು, ಅರ್ಜಿಯಲ್ಲಿ ಹೆಸರು ಕೊಟ್ಟ ಪರಿಚಿತರ ಖಾಸಗಿತನಕ್ಕೆ ಕೈಹಾಕುವುದು, ನಾಲ್ಕು ಜನರ ಮುಂದೆ ಅವಮಾನಿಸುವುದು, ಬೆದರಿಕೆ ಅಥವಾ ಹೆಸರಿಲ್ಲದ ಕರೆ ಮಾಡುವುದು, ಸುಳ್ಳು ಹೇಳಿ ಹೆದರಿಸುವುದು ಇವೆಲ್ಲವೂ ಅಲ್ಲಿ ನಿಷಿದ್ಧ. ಮುಖ್ಯೋಪಾಧ್ಯಾಯರಿಗೆ ಬಂದ ಆ ಒಂದು ಕರೆಯೇ ನಿಮ್ಮ ದೂರಿನ ಬೆನ್ನೆಲುಬು. ಅವರಿಂದ ಕರೆ ಬಂದ ದಿನ, ವೇಳೆ, ನಂಬರು, ಆಡಿದ ಮಾತುಗಳನ್ನು ಬರೆಸಿಕೊಂಡು ಸಹಿ ಹಾಕಿಸಿಟ್ಟುಕೊಳ್ಳಿ.

ಏಜೆಂಟ್ ಯಾರೇ ಆಗಿರಲಿ, ಅವನ ನಡತೆಗೆ ಹೊಣೆ ಅವನನ್ನು ನೇಮಿಸಿದ ಬ್ಯಾಂಕೇ. ‘ಅದು ಹೊರಗಿನ ಏಜೆನ್ಸಿ, ನಮಗೆ ಸಂಬಂಧವಿಲ್ಲ’ ಎಂಬ ಉತ್ತರವನ್ನು ಒಪ್ಪಬೇಡಿ. ರಿಸರ್ವ್ ಬ್ಯಾಂಕಿನ 2008ರ ಏಪ್ರಿಲಿನ ಮಾರ್ಗಸೂಚಿಯ ಪ್ರಕಾರ ಏಜೆಂಟ್ ಬ್ಯಾಂಕಿನ ಅಧಿಕಾರಪತ್ರ, ನೋಟಿಸಿನ ಪ್ರತಿ, ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ಅದೇ ಮಾರ್ಗಸೂಚಿಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ: ಸಾಲದ ಬಗ್ಗೆ ಗ್ರಾಹಕನ ದೂರು ಬಾಕಿ ಇರುವಾಗ, ಆ ದೂರು ಹುರುಳಿಲ್ಲದ್ದೆಂದು ಬ್ಯಾಂಕಿಗೆ ಮನವರಿಕೆಯಾಗದ ಹೊರತು, ಪ್ರಕರಣವನ್ನು ವಸೂಲಿ ಏಜೆಂಟರ ಕೈಗೆ ಕೊಡಬಾರದು. ಆದ್ದರಿಂದ ನಾಳೆಯೇ ಲಿಖಿತ ದೂರು ಸಲ್ಲಿಸಿ, ಅದರ ಸಂಖ್ಯೆಯನ್ನು ಮುಂದಿನ ಕರೆಯಲ್ಲಿ ಏಜೆಂಟನಿಗೆ ಓದಿ ಹೇಳಿ. ಅದರಾಚೆಗೆ ಒಂದು ಮಾತೂ ಬೇಡ, ವಾದವಂತೂ ಬೇಡವೇ ಬೇಡ. ಫೋನಿನಲ್ಲಿ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಕಾಗದ ಇಟ್ಟುಕೊಂಡು ಗೆದ್ದವರನ್ನು ಕಂಡಿದ್ದೇನೆ.

ವ್ಯಕ್ತಿಯ ಸ್ವಂತ ಯುಪಿಐಗೆ ಹಣ ಕೇಳುತ್ತಿದ್ದರೆ ಆತ ನಿಜವಾಗಿ ಬ್ಯಾಂಕಿನ ಏಜೆಂಟನೇ ಎಂಬುದನ್ನೂ ಸಂದೇಹಿಸಬೇಕು. ವಂಚನೆಯೆಂದು ತಿಳಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

‘ಪೊಲೀಸರನ್ನು ಕಳುಹಿಸುತ್ತೇವೆ’ ಎಂಬ ಮಾತಿಗೆ ಹೆದರಬೇಡಿ. ಸಾಲ ತೀರಿಸದಿರುವುದು ಸಿವಿಲ್ ವ್ಯಾಜ್ಯವೇ ಹೊರತು ಅಪರಾಧವಲ್ಲ. ಆದರೆ ಇದನ್ನು ಓದುವ ಇತರರಿಗಾಗಿ ಒಂದು ಮಾತು: ಸಾಲಕ್ಕೆ ಚೆಕ್ ಕೊಟ್ಟು ಅದು ಹಣವಿಲ್ಲದೆ ವಾಪಸಾದರೆ, ನೋಟಿಸು ತಲುಪಿದ ಹದಿನೈದು ದಿನಗಳೊಳಗೆ ಹಣ ಕೊಡದಿದ್ದರೆ, ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಪ್ರಕರಣವಾಗುತ್ತದೆ. ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ಇಸಿಎಸ್, ನ್ಯಾಚ್ ವಾಪಸಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅದೇ ರೀತಿ ಅನ್ವಯಿಸುತ್ತದೆ. ಅಂಥ ನೋಟಿಸು ಬಂದಾಗ ಲಕೋಟೆಯನ್ನು ಒಡೆಯದೆ ಇಡುವುದು ಅತ್ಯಂತ ದುಬಾರಿ ತಪ್ಪು.

ಕೋರಮಂಗಲ ಕೋಡರ್
4 ಆಗಸ್ಟ್ 2025

ಇಷ್ಟೆಲ್ಲ ಯಾಕೆ? ‘ಸಾಲವನ್ನು ಸಾಬೀತು ಮಾಡಿ’ ಎಂದು ಏಜೆನ್ಸಿಗೆ ಒಂದು ಪತ್ರ ಬರೆದು, ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಸಾಲವೇ ರದ್ದಾಗುತ್ತದೆ, ಏಳು ವರ್ಷವಾದರೆ ವರದಿಯಿಂದಲೂ ಅಳಿಸಿಹೋಗುತ್ತದೆ ಎಂದು ಹಲವು ವೀಡಿಯೊಗಳಲ್ಲಿ ನೋಡಿದ್ದೇನೆ.

ಹಾವೇರಿ ವಕೀಲೆ
4 ಆಗಸ್ಟ್ 2025

ಆ ವೀಡಿಯೊಗಳು ಅಮೆರಿಕದ ಕಾನೂನನ್ನು ಹೇಳುತ್ತಿವೆ. ವಸೂಲಿದಾರರ ನಡತೆಗೆ ಅಲ್ಲಿ 1977ರಿಂದ ಪ್ರತ್ಯೇಕ ಕಾಯ್ದೆಯಿದೆ. ನೋಟಿಸು ಬಂದ ಮೂವತ್ತು ದಿನಗಳೊಳಗೆ ಸಾಲಗಾರ ಲಿಖಿತವಾಗಿ ತಕರಾರು ಮಾಡಿದರೆ, ಪುರಾವೆ ಒದಗಿಸುವವರೆಗೆ ಏಜೆನ್ಸಿ ವಸೂಲಿಯನ್ನು ನಿಲ್ಲಿಸಬೇಕು. ಪುರಾವೆ ಕೊಡದಿದ್ದರೆ ಸಾಲ ರದ್ದಾಗುತ್ತದೆಂದು ಅಲ್ಲಿಯೂ ಇಲ್ಲ. ನಮ್ಮಲ್ಲಿ ಅಂಥ ಒಂದೇ ಕಾಯ್ದೆ ಇಲ್ಲ. ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು, ಗ್ರಾಹಕ ರಕ್ಷಣಾ ಕಾಯ್ದೆ, ಕರಾರು ಕಾಯ್ದೆ, ಭಾರತೀಯ ನ್ಯಾಯ ಸಂಹಿತೆ ಹೀಗೆ ಚೂರುಚೂರಾಗಿರುವುದನ್ನು ನಾವೇ ಜೋಡಿಸಿಕೊಳ್ಳಬೇಕು. ಏಳು ವರ್ಷದ ಮಾತೂ ಹಾಗೆಯೇ ತಿರುಚಿಕೊಂಡಿದೆ. ಇಲ್ಲಿ ಏಳು ವರ್ಷ ಎಂಬುದು ಮಾಹಿತಿ ಕಂಪನಿಗಳು ದಾಖಲೆಯನ್ನು ಕನಿಷ್ಠ ಅಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ನಿಯಮ. ಅಷ್ಟಾದ ಮೇಲೆ ಅಳಿಸಲೇಬೇಕೆಂಬ ಆಜ್ಞೆಯಲ್ಲ.

ಪುರಾವೆ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಏಜೆನ್ಸಿಯನ್ನಲ್ಲ, ಬ್ಯಾಂಕನ್ನು.

ಮೂರನೇ ಮಂಜುನಾಥ
5 ಆಗಸ್ಟ್ 2025

ನನ್ನದು ಬೇರೆ ಬಗೆಯ ತೊಂದರೆಯಾದರೂ ಮೂಲ ಒಂದೇ. ನನ್ನ ವರದಿಯಲ್ಲಿ ಒಂದು ಟ್ರ್ಯಾಕ್ಟರ್ ಸಾಲ ಕಾಣಿಸಿಕೊಂಡಿತ್ತು. ನಾನು ತುಮಕೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವವನು. ವಿಚಾರಿಸಿದರೆ ನನ್ನದೇ ಹೆಸರು, ನನ್ನದೇ ಇನಿಶಿಯಲ್ಲು, ಪಕ್ಕದ ತಾಲ್ಲೂಕಿನ ಇನ್ನೊಬ್ಬರ ಸಾಲ. ನಮ್ಮ ಕಡೆ ಮನೆತನದ ಹೆಸರು ಬರೆಯುವ ರೂಢಿಯಿಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಮಂಜುನಾಥ. ಆಧಾರಿನಲ್ಲಿ ಅಕ್ಷರಗಳು ಮುಂದೆ, ಪಾನ್ ಕಾರ್ಡಿನಲ್ಲಿ ಹಿಂದೆ, ಪಾಸ್‌ಬುಕ್ಕಿನಲ್ಲಿ ಒಂದೇ ಅಕ್ಷರ. ಒಂದು ತರಗತಿಯಲ್ಲಿಯೇ ಮೂವರು ಮಂಜುನಾಥರಿದ್ದ ನನಗೆ ಇದು ಆಶ್ಚರ್ಯವೇನೂ ಆಗಲಿಲ್ಲ.

ನಾನು ಮಾಡಿದ್ದು ಇಷ್ಟೇ: ಪಾನ್, ಜನ್ಮದಿನಾಂಕ, ವಿಳಾಸ ಮೂರನ್ನೂ ವರದಿಯ ಆ ಖಾತೆಯ ವಿವರದ ಪಕ್ಕದಲ್ಲಿಟ್ಟು, ಎಲ್ಲೆಲ್ಲಿ ಹೊಂದುವುದಿಲ್ಲವೆಂದು ಗೆರೆ ಎಳೆದು ತೋರಿಸಿ, ‘ಈ ಖಾತೆ ನನ್ನದಲ್ಲ’ ಎಂಬ ಶೀರ್ಷಿಕೆಯಲ್ಲಿಯೇ ತಕರಾರು ಹಾಕಿದೆ. ‘ಬಾಕಿ ತಪ್ಪಾಗಿದೆ’ ಎಂಬ ಶೀರ್ಷಿಕೆಯಲ್ಲಿ ಮೊದಲು ಹಾಕಿದ್ದು ತಿರಸ್ಕೃತವಾಗಿತ್ತು, ಏಕೆಂದರೆ ಟ್ರ್ಯಾಕ್ಟರ್ ಸಾಲದ ಬಾಕಿಯ ಲೆಕ್ಕ ಅವರ ಪ್ರಕಾರ ಸರಿಯಾಗಿಯೇ ಇತ್ತು! ಎರಡನೆಯ ಸಲ ಇಪ್ಪತ್ತಾರು ದಿನಗಳಲ್ಲಿ ತೆಗೆದರು. ಯಾರಾದರೂ ವರದಿಯನ್ನು ತೆಗೆದು ನೋಡಿದಾಗಲೆಲ್ಲ ನಮಗೆ ಮೆಸೇಜು ಬರಬೇಕೆಂಬ ನಿಯಮವೂ ಈಗ ಇದೆ; ಮೊಬೈಲ್ ನಂಬರನ್ನು ಅಲ್ಲಿ ಸರಿಯಾಗಿ ಇಟ್ಟುಕೊಳ್ಳಿ.

ಗಂಗಾವತಿ ಅಕ್ಕಿ ಅಂಗಡಿ
9 ಆಗಸ್ಟ್ 2025

ವಕೀಲ ಮೇಡಂ ಅವರಲ್ಲಿ ಒಂದು ಪ್ರಶ್ನೆ. ನಾನು 2017ರಲ್ಲಿ ಅಡವಿಲ್ಲದ ವೈಯಕ್ತಿಕ ಸಾಲ ಪಡೆದಿದ್ದೆ. ವ್ಯಾಪಾರ ಕೆಟ್ಟು 2018ರ ಜೂನ್ ನಂತರ ಕಟ್ಟಲಾಗಲಿಲ್ಲ. ಯಾರೂ ಕೋರ್ಟಿಗೆ ಹೋಗಲಿಲ್ಲ. ಈಗ ಒಂದು ಏಜೆನ್ಸಿಯವರು ಬಂದು, ಸದ್ಭಾವನೆಗೆ ಐನೂರು ರೂಪಾಯಿ ಕಟ್ಟಿ, ಈ ಕಾಗದಕ್ಕೊಂದು ಸಹಿ ಹಾಕಿ, ಉಳಿದದ್ದಕ್ಕೆ ಕಾಲಾವಕಾಶ ಕೊಡುತ್ತೇವೆ ಎನ್ನುತ್ತಿದ್ದಾರೆ. ಹಾಕಬಹುದೇ?

ಹಾವೇರಿ ವಕೀಲೆ
9 ಆಗಸ್ಟ್ 2025

ಆ ಕಾಗದವನ್ನು ಓದದೆ ಸಹಿ ಹಾಕಬೇಡಿ. ಓದಿದ ಮೇಲೆ ಬಹುಶಃ ನೀವೇ ಹಾಕುವುದಿಲ್ಲ.

1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡವಿಲ್ಲದ ಸಾಲದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಕೊರೊನಾ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಅದನ್ನು ಬಿಟ್ಟು ಎಣಿಸಿದರೂ, ನಡುವೆ ನೀವು ಹಣ ಕಟ್ಟದೆ, ಬರೆದು ಒಪ್ಪಿಕೊಳ್ಳದೆ ಇದ್ದರೆ, ನಿಮ್ಮ ಪ್ರಕರಣದಲ್ಲಿ ಕಾಲ 2023ರ ನಡುವಿಗೆ ಮುಗಿದಿದೆ. ಅವಧಿ ಮುಗಿಯುವ ಮೊದಲು ಸಹಿ ಹಾಕಿ ಸಾಲವನ್ನು ಒಪ್ಪಿಕೊಂಡರೆ, ಅಥವಾ ಭಾಗಶಃ ಕಟ್ಟಿ ಅದಕ್ಕೆ ಬರಹದ ದಾಖಲೆ ಇದ್ದರೆ, ಮೂರು ವರ್ಷಗಳ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಮುಗಿದ ಮೇಲೆ ಬರಿಯ ಐನೂರು ರೂಪಾಯಿ ಕಟ್ಟಿದ್ದರಿಂದ ಸತ್ತ ದಾವೆ ಬದುಕುವುದಿಲ್ಲ, ಆದರೆ ‘ಉಳಿದದ್ದನ್ನು ಕಟ್ಟುತ್ತೇನೆ’ ಎಂದು ಬರೆದ ಕಾಗದಕ್ಕೆ ಸಹಿ ಬಿದ್ದರೆ ಕರಾರು ಕಾಯ್ದೆಯ 25ನೇ ಕಲಮಿನ ಮೂರನೆಯ ಉಪಕಲಮಿನಡಿ ಅದೇ ಒಂದು ಹೊಸ ಕರಾರು. ಅವರಿಗೆ ಬೇಕಾಗಿರುವುದು ನಿಮ್ಮ ಐನೂರಲ್ಲ, ಆ ಸಹಿ.

ಆದರೆ ಕಾಲ ಮೀರಿದ್ದರಿಂದ ದಾವೆಯ ದಾರಿ ಮುಚ್ಚಿತೇ ಹೊರತು ಸಾಲ ಇಲ್ಲವಾಗಲಿಲ್ಲ. ವರದಿಯಲ್ಲಿ ಅದು ಹಾಗೆಯೇ ಇರಬಹುದು, ಸೌಜನ್ಯದಿಂದ ಹಣ ಕೇಳುವುದಕ್ಕೂ ಅಡ್ಡಿಯಿಲ್ಲ. ಇನ್ನು ಮನೆ ಅಥವಾ ಜಮೀನು ಅಡವಿಟ್ಟ ಸಾಲಕ್ಕೆ ಅವಧಿ ಹನ್ನೆರಡು ವರ್ಷ. ಇಲ್ಲಿ ಬರೆದದ್ದನ್ನು ಅದಕ್ಕೆ ಅನ್ವಯಿಸಬೇಡಿ.

ನಿವೃತ್ತ ಶಾಖಾಧಿಕಾರಿ, ಕುಂದಾಪುರ
10 ಆಗಸ್ಟ್ 2025

ಮೇಡಂ ಹೇಳಿದ ಕಾನೂನು ಸರಿ. ಆದರೂ ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಮೇಷ್ಟ್ರ ಪ್ರಕರಣದಲ್ಲಿ ಸಾಲವೇ ಆಗಿಲ್ಲ. ಗಂಗಾವತಿಯ ಯಜಮಾನರು ಹಣ ಪಡೆದದ್ದು ನಿಜ. ವ್ಯಾಪಾರ ಈಗ ಸುಧಾರಿಸಿದ್ದರೆ, ಏಜೆನ್ಸಿಯನ್ನು ಬದಿಗಿಟ್ಟು ನೇರವಾಗಿ ಬ್ಯಾಂಕಿಗೆ ಹೋಗಿ, ಅಸಲಿನ ಮೇಲೆ ಎಷ್ಟಕ್ಕೆ ಖಾತೆ ಮುಚ್ಚುತ್ತಾರೆಂದು ಅವರ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು, ಒಂದೇ ಕಂತಿನಲ್ಲಿ ಸಾಲದ ಖಾತೆಗೇ ಜಮಾ ಮಾಡಿ, ನೋ ಡ್ಯೂಸ್ (ಬಾಕಿಯಿಲ್ಲವೆಂಬ) ಪತ್ರ ತೆಗೆದುಕೊಳ್ಳಿ. ಅಂಗಡಿಗೆ ನಾಳೆ ದುಡಿಯುವ ಬಂಡವಾಳ ಬೇಕಾದಾಗ ಕಾಲಮಿತಿ ಕಾಯ್ದೆಯನ್ನು ತೋರಿಸಿ ಸಾಲ ಪಡೆಯಲಾಗುವುದಿಲ್ಲ.

ಹಾವೇರಿ ವಕೀಲೆ
10 ಆಗಸ್ಟ್ 2025

ರಾಯರೇ, ಕಟ್ಟಬೇಡಿ ಎಂದು ನಾನು ಹೇಳಲಿಲ್ಲ. ಕಟ್ಟುವುದನ್ನು ಅವರೇ ತಿಳಿದು ನಿರ್ಧರಿಸಲಿ, ಜಗಲಿಯ ಮೇಲೆ ಕೂತವನ ಅವಸರಕ್ಕೆ ನಿರ್ಧರಿಸುವುದು ಬೇಡ ಎಂದೆ. ಅಷ್ಟರ ಮಟ್ಟಿಗೆ ನಮ್ಮಿಬ್ಬರ ಮಾತಿನಲ್ಲಿ ಜಗಳವಿಲ್ಲ.

ಸಂಘದ ಅಕ್ಕ, ಅರಕಲಗೂಡು
16 ಆಗಸ್ಟ್ 2025

ನೀವೆಲ್ಲ ಬ್ಯಾಂಕು, ಕಾರ್ಡು ಎನ್ನುತ್ತಿದ್ದೀರಿ. ನಮ್ಮ ಕಡೆ ಇರುವುದು ವಾರದ ಕಂತಿನ ಫೈನಾನ್ಸು. ನಮ್ಮ ಗುಂಪಿನ ಒಬ್ಬಳು ಗಂಡನ ಆಸ್ಪತ್ರೆ ಖರ್ಚಿನಿಂದಾಗಿ ಮೂರು ವಾರ ಕಟ್ಟಲಿಲ್ಲ. ವಸೂಲಿಗೆ ಬರುವ ಹುಡುಗ ರಾತ್ರಿ ಒಂಬತ್ತಾದರೂ ಅವಳ ಜಗಲಿ ಬಿಟ್ಟು ಏಳುವುದಿಲ್ಲ; ಉಳಿದ ನಾವು ಅವಳ ಕಂತನ್ನು ಕಟ್ಟುವವರೆಗೆ ನಮ್ಮನ್ನೂ ಮನೆಗೆ ಬಿಡುವುದಿಲ್ಲ. ಸರ್ಕಾರ ಹೊಸ ಕಾನೂನು ಮಾಡಿ ಸಾಲವನ್ನೆಲ್ಲ ಮನ್ನಾ ಮಾಡಿದೆಯೆಂದು ಊರಲ್ಲಿ ಸುದ್ದಿ. ಅದು ನಿಜವೇ?

ಹಾವೇರಿ ವಕೀಲೆ
16 ಆಗಸ್ಟ್ 2025

ಅಕ್ಕಾ, ಮೊದಲು ಆ ಸುದ್ದಿಯ ಬಗ್ಗೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲೊಮ್ಮೆ ಹಿಂದಕ್ಕೆ ಕಳುಹಿಸಿ, ಆಮೇಲೆ 12ನೇ ತಾರೀಖು ಅಂಕಿತ ಹಾಕಿದರು. ಮಾರ್ಚಿನಲ್ಲಿ ವಿಧಾನಮಂಡಲವೂ ಅದನ್ನು ಅಂಗೀಕರಿಸಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡವಿದೆ. ದೂರು ತೆಗೆದುಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ. ಆದರೆ ಸಾಲ ತೀರಿದಂತೆ ಎಂದು ಅದು ಹೇಳುವುದು ಪರವಾನಗಿಯೂ ನೋಂದಣಿಯೂ ಇಲ್ಲದವರು ಕೊಟ್ಟ ಸಾಲವನ್ನು ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಕಂಪನಿಯ ಸಾಲ ಮನ್ನಾ ಆಗಿಲ್ಲ. ಆ ಸುದ್ದಿಯನ್ನು ನಂಬಿ ಕಂತು ನಿಲ್ಲಿಸಿದವರ ಹೆಸರು ಮಾಹಿತಿ ಕಂಪನಿಯ ವರದಿಯಲ್ಲಿ ಸುಸ್ತಿಯಾಗುತ್ತದೆ. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಹೋಗುವುದರಿಂದ ಅದು ಬೇಗನೆ ಆಗುತ್ತದೆ.

ಹಾಗೆಂದು ಆ ಹುಡುಗ ಮಾಡುತ್ತಿರುವುದು ಸರಿಯೆಂದಲ್ಲ. ವಾರ್ಷಿಕ ಆದಾಯ ಮೂರು ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡವಿಲ್ಲದೆ ಕೊಟ್ಟ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕಿನ 2022ರ ಮಾರ್ಚಿನ ಪ್ರತ್ಯೇಕ ನಿರ್ದೇಶನಗಳಿವೆ. ಅದರಲ್ಲಿ ಕರೆಯ ವೇಳೆ ಇನ್ನೂ ಬಿಗಿ: ಬೆಳಗ್ಗೆ ಒಂಬತ್ತಕ್ಕೆ ಮೊದಲಿಲ್ಲ, ಸಂಜೆ ಆರರ ನಂತರವಿಲ್ಲ. ಕಂತನ್ನು ನೀವೂ ಅವರೂ ಒಪ್ಪಿದ ಜಾಗದಲ್ಲಿಯೇ ತೆಗೆದುಕೊಳ್ಳಬೇಕು. ಸಾಲಗಾರಳು ಸತತವಾಗಿ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬಂದರೂ ಬೈಯುವಂತಿಲ್ಲ, ನೆಂಟರನ್ನೂ ನೆರೆಯವರನ್ನೂ ಕಾಡುವಂತಿಲ್ಲ, ಹೆಸರನ್ನು ನಾಲ್ಕು ಜನರಿಗೆ ಸಾರುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡುವುದಕ್ಕೂ ಅವರಿಗೆ ಅನುಮತಿಯಿಲ್ಲ. ನಿಮ್ಮ ಗುಂಪಿನಲ್ಲಿ ಮೂರು ನಾಲ್ಕು ಕಂಪನಿಗಳ ಸಾಲ ಇರುವವರಿದ್ದರೆ ಈ ಲೆಕ್ಕವನ್ನು ಮಾಡಿ ನೋಡಿ.

ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟ ಸಾಲದ ಕಾರ್ಡಿನಲ್ಲಿ ದೂರಿನ ವಿವರ ಇರಬೇಕು. ಮೊದಲು ಅಲ್ಲಿಗೆ ದೂರು ಕೊಡಿ. ರಾತ್ರಿ ಮತ್ತೆ ಬಂದು ಕೂತರೆ 112ಕ್ಕೆ ಕರೆ ಮಾಡಿ. ವಕೀಲರ ಖರ್ಚಿಗೆ ಅಂಜಬೇಡಿ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿಯೇ ಕಾನೂನು ಸೇವಾ ಸಮಿತಿಯಿದೆ, ಸಹಾಯವಾಣಿ 15100.

ಸಂಘದ ಅಕ್ಕ, ಅರಕಲಗೂಡು
19 ಆಗಸ್ಟ್ 2025

ಎಲ್ಲರೂ ಸೇರಿ ಬರೆದ ಅರ್ಜಿಗೆ ಹನ್ನೆರಡು ಸಹಿ ಬಿದ್ದಿವೆ. ಮಂಗಳವಾರದ ಮೀಟಿಂಗಿನಲ್ಲಿ ಅದನ್ನು ಓದಿ ಹೇಳಿದೆ. ಹುಡುಗ ‘ನನಗೂ ಮೇಲಿನವರ ಒತ್ತಡ’ ಎಂದ. ಅದೂ ಸುಳ್ಳಿರಲಾರದು, ಪಾಪ.

ಮಂಡ್ಯದ ಓದುಗ
23 ಆಗಸ್ಟ್ 2025

ತೀರಿಹೋದ ನಮ್ಮ ತಂದೆಯವರ ವೈಯಕ್ತಿಕ ಸಾಲಕ್ಕೆ ಜಾಮೀನು ಹಾಕದ ನನ್ನನ್ನು ಕಟ್ಟು ಎನ್ನುತ್ತಿದ್ದಾರೆ. ಮಗನಾದ್ದರಿಂದ ಕಟ್ಟಲೇಬೇಕೇ?

ಹಾವೇರಿ ವಕೀಲೆ
23 ಆಗಸ್ಟ್ 2025

ತಂದೆಯಿಂದ ನಿಮಗೆ ಬಂದ ಆಸ್ತಿಯ ಬೆಲೆ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ. ನಿಮ್ಮ ಸ್ವಂತ ಸಂಬಳ, ಸ್ವಯಾರ್ಜಿತಕ್ಕೆ ಅದು ತಟ್ಟುವುದಿಲ್ಲ. ಸಾಲಕ್ಕೆ ವಿಮೆ ಇತ್ತೇ ಎಂದು ಮೊದಲು ಸಾಲದ ಕಾಗದದಲ್ಲಿ ನೋಡಿ. ಜಾಮೀನು ಹಾಕಿದ್ದರೆ ಮಾತು ಬೇರೆ: ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು, ಆ ಸುಸ್ತಿ ಅವನ ವರದಿಯಲ್ಲಿಯೂ ಕಾಣಿಸುತ್ತದೆ.

ದಾವಣಗೆರೆ ಮೇಷ್ಟ್ರು
8 ಸೆಪ್ಟೆಂಬರ್ 2025

ಎಲ್ಲರ ಸಲಹೆಗೆ ಋಣಿ. ನಡೆದದ್ದನ್ನು ತಿಳಿಸುತ್ತೇನೆ. ಆಗಸ್ಟ್ 4ರಂದು ಬ್ಯಾಂಕಿಗೂ ಸಿಬಿಲ್‌ಗೂ ಒಂದೇ ದಿನ ದೂರು ಸಲ್ಲಿಸಿ, ಏಜೆಂಟನಿಗೆ ದೂರಿನ ಸಂಖ್ಯೆಯನ್ನು ಓದಿ ಹೇಳಿ ಫೋನ್ ಇಟ್ಟೆ. ಅವನ ಅಧಿಕಾರಪತ್ರದ ಪ್ರತಿ ಕಳುಹಿಸಲು ಕೇಳಿದ್ದೆ. ಪತ್ರ ಬರಲಿಲ್ಲ, ಅಲ್ಲಿಂದ ಮುಂದೆ ಕರೆಯೂ ಬರಲಿಲ್ಲ. ಆಗಸ್ಟ್ 27ರಂದು ಬ್ಯಾಂಕಿನಿಂದ ‘ದಾಖಲೆಗಳ ಪ್ರಕಾರ ಬಾಕಿ ಸರಿಯಿದೆ, ಮೊದಲು ಕಟ್ಟಿ’ ಎಂಬ ಎರಡು ಸಾಲಿನ ಇಮೇಲ್ ಬಂತು. ಕಾರ್ಡು ಆ್ಯಕ್ಟಿವೇಟ್ ಆದ ದಾಖಲೆ ಕೊಡಿ ಎಂದು ಅದೇ ದಿನ ಮರಳಿ ಕೇಳಿದೆ. ಸೆಪ್ಟೆಂಬರ್ 3ಕ್ಕೆ ಮೂವತ್ತು ದಿನ ತುಂಬಿದರೂ ಉತ್ತರವಿಲ್ಲದ್ದರಿಂದ ಇಂದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಸಿಎಂಎಸ್ ಎಂಬ ದೂರು ಪೋರ್ಟಲಿನಲ್ಲಿ ದೂರು ದಾಖಲಿಸಿದ್ದೇನೆ.

ನಿವೃತ್ತ ಶಾಖಾಧಿಕಾರಿ, ಕುಂದಾಪುರ
8 ಸೆಪ್ಟೆಂಬರ್ 2025

ಸರಿಯಾದ ಹೆಜ್ಜೆ. 2021ರ ಏಕೀಕೃತ ಒಂಬುಡ್ಸ್‌ಮನ್ ಯೋಜನೆಗೆ ಶುಲ್ಕವಿಲ್ಲ, ವಕೀಲರ ಮೂಲಕ ಸಲ್ಲಿಸುವುದನ್ನು ಅದು ಒಪ್ಪುವುದೂ ಇಲ್ಲ. ನಮ್ಮ ಮೇಡಂ ಕ್ಷಮಿಸಲಿ. 2022ರ ಸೆಪ್ಟೆಂಬರಿನಿಂದ ಸಾಲ ಮಾಹಿತಿ ಕಂಪನಿಗಳೂ ಅದರ ವ್ಯಾಪ್ತಿಗೆ ಬಂದಿವೆ. ಇಂಟರ್‌ನೆಟ್ ಬಳಸಲಾಗದವರು ಚಂಡೀಗಢದ ರಿಸರ್ವ್ ಬ್ಯಾಂಕ್ ಕಚೇರಿಗೆ ಅಂಚೆಯಲ್ಲಿ ಕಳುಹಿಸಬಹುದು, 14448ಕ್ಕೆ ಕರೆ ಮಾಡಿ ವಿವರ ಕೇಳಬಹುದು. ಇದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲಿ ಮೊದಲೇ ಪ್ರಕರಣ ಹೂಡಿದ್ದರೆ ಮಾತ್ರ ಇಲ್ಲಿ ನಡೆಯುವುದಿಲ್ಲ, ಆದ್ದರಿಂದ ಎರಡನ್ನೂ ಒಟ್ಟಿಗೆ ಹಾಕಬೇಡಿ.

ದಾವಣಗೆರೆ ಮೇಷ್ಟ್ರು
26 ಸೆಪ್ಟೆಂಬರ್ 2025

ಸೆಪ್ಟೆಂಬರ್ 19ರಂದು ಬ್ಯಾಂಕು ಶುಲ್ಕ, ಬಡ್ಡಿಗಳನ್ನೆಲ್ಲ ಹಿಂದಕ್ಕೆ ಪಡೆದು ಕಾರ್ಡನ್ನು ಮುಚ್ಚಿತು. ಸಿಬಿಲ್ ವರದಿಯಿಂದ ಆ ಖಾತೆ ಹೋಗಿದೆ. ಹದಿನಾರು ದಿನಗಳ ವಿಳಂಬಕ್ಕೆ 1,600 ರೂಪಾಯಿ ನಿನ್ನೆ ನನ್ನ ಖಾತೆಗೆ ಜಮಾ ಆಗಿದೆ. ಭಾವನವರಿಗೆ ಪಾಸ್‌ಬುಕ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ರಾಜಾಜಿನಗರ ರೈಡರ್
26 ಸೆಪ್ಟೆಂಬರ್ 2025

ನಾನು ಕೊಟ್ಟ ಸಲಹೆಯನ್ನು ಹಿಂಪಡೆಯುತ್ತೇನೆ. ಉಳಿದ ಮೂರು ವರದಿಗಳನ್ನು ತೆಗೆಸಿದಿರಾ?

ದಾವಣಗೆರೆ ಮೇಷ್ಟ್ರು
12 ಅಕ್ಟೋಬರ್ 2025

ಶಾಖಾಧಿಕಾರಿಗಳು ಆಗಸ್ಟಿನಲ್ಲಿಯೇ ಹೇಳಿದ್ದನ್ನು ನಾನು ಉದಾಸೀನ ಮಾಡಿದ್ದೆ. ನೀವು ಕೇಳಿದ ಮೇಲೆ ತೆಗೆಸಿದೆ. ಎರಡರಲ್ಲಿ ಖಾತೆ ಇಲ್ಲ. ನಾಲ್ಕನೆಯದರಲ್ಲಿ 11,340 ರೂಪಾಯಿಯೂ ‘ರೈಟ್ ಆಫ್’ ಎಂಬ ಮಾತೂ ಹಾಗೆಯೇ ಇವೆ. ಮನೆ ಸಾಲದ ಹೊಸ ಅರ್ಜಿಯನ್ನು ಪರಿಶೀಲಿಸುತ್ತಿರುವ ಬ್ಯಾಂಕು ನೋಡುವುದು ಆ ಕಂಪನಿಯ ವರದಿಯನ್ನೇ. ಖಾತೆ ಮುಚ್ಚಿದ ಪತ್ರವನ್ನು ಲಗತ್ತಿಸಿ ಅಕ್ಟೋಬರ್ 1ರಂದು ತಕರಾರು ಸಲ್ಲಿಸಿದ್ದೇನೆ, ಸ್ವೀಕೃತಿ ಸಂಖ್ಯೆ ಬಂದಿದೆ. ಇಂದಿಗೆ ಹನ್ನೊಂದು ದಿನ.